ಹೇತುವಿನ ಬಲಾಬಲ

ಪರಪಕ್ಷವನ್ನು ಖಂಡಿಸುವುದೆಂದರೆ ಅದರ ನಿರ್ಣಯವನ್ನು ಸುಳ್ಳೆಂದು ಸಾರುವುದೇ ಎಂಬ ಭಾವನೆಯು ಜನರಲ್ಲಿ ಬಹುಕಾಲದಿಂದ ನೆಲೆಗೊಂಡಿದೆ. ಸಭೆಯಲ್ಲಿ ಒಬ್ಬನು ಎದ್ದು ಒಂದು ಮಾತನ್ನು ಹೇಳಿದರೆ, ಮತ್ತೊಬ್ಬನು ಎದ್ದು ಅದಕ್ಕೆ ವಿರುದ್ಧವಾದ ಮಾತನ್ನು ಇನ್ನೂ ಗಟ್ಟಿಯಾದ ಧ್ವನಿಯಲ್ಲಿ ಹೇಳುವನು. ಕೇಳಿದವರು ಖಂಡನೆಯಾಯಿತೆಂದು ತಿಳಿದು ಮನೆಗೆ ತೆರಳುವರು. ಮೊದಲನೆಯವನು ಕೊಟ್ಟ ಕಾರಣವು ಹಾಗೆಯೇ ನಿಂತಿದೆಯಲ್ಲವೇ ಎಂದು ಕೇಳುವವರು ವಿರಳ. ಈ ವಿಷಯದಲ್ಲಿ ಅಮೆರಿಕಾ ದೇಶದ ಒಂದು ಪ್ರವೇಶಪರೀಕ್ಷೆಯು ಕಲಿಸುವ ಶಿಸ್ತು ವಿಚಾರಾರ್ಹವಾದುದು.

ಆ ದೇಶದಲ್ಲಿ ಕಾನೂನು ವಿದ್ಯಾಲಯಗಳನ್ನು ಸೇರಬಯಸುವವರು ಎಲ್‌ಸ್ಯಾಟ್ ಎಂಬ ಪರೀಕ್ಷೆಗೆ ಕುಳಿತುಕೊಳ್ಳುವರು. ಇದು ಮೊದಲು ನಡೆದುದು 1948ರಲ್ಲಿ. 2024ನೆಯ ಆಗಸ್ಟ್ ತಿಂಗಳಿಂದೀಚೆಗೆ, ಅಂಕಗಳಿಗೆ ಎಣಿಕೆಯಾಗುವ ಮೂರು ಭಾಗಗಳಲ್ಲಿ ಎರಡು ತರ್ಕಕ್ಕೇ ಮೀಸಲಾಗಿವೆ. ಒಂದೊಂದಕ್ಕೂ 35 ನಿಮಿಷಗಳ ಕಾಲ, ಸುಮಾರು 25 ಪ್ರಶ್ನೆಗಳು. ಕಾನೂನಿನ ಒಂದು ಕಲಮನ್ನಾದರೂ ಅಲ್ಲಿ ಕೇಳುವುದಿಲ್ಲ. ಕೆಲವು ಪಂಕ್ತಿಗಳಲ್ಲಿ ಒಂದು ವಾದವನ್ನು ಕೊಟ್ಟು, ಅದರ ಕೆಳಗೆ ಐದು ವಾಕ್ಯಗಳನ್ನಿಟ್ಟು, ಇವುಗಳನ್ನು ನಿಜವೆಂದು ಒಪ್ಪಿದರೆ ಯಾವುದು ವಾದವನ್ನು ಎಲ್ಲಕ್ಕಿಂತ ಹೆಚ್ಚಾಗಿ ದುರ್ಬಲಗೊಳಿಸುವುದು ಎಂದು ಕೇಳುವ ಪ್ರಶ್ನೆಯು ಅಲ್ಲಿನ ಪ್ರಸಿದ್ಧ ಪ್ರಕಾರಗಳಲ್ಲಿ ಒಂದು. ಭಾರತದಲ್ಲಿ ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯೇ ಮೊದಲಾದ ವಿದ್ಯಾಲಯಗಳ ಪ್ರವೇಶಕ್ಕೆ 2008ರಿಂದ ನಡೆಯುತ್ತಿರುವ ಕ್ಲ್ಯಾಟ್ ಪರೀಕ್ಷೆಯಲ್ಲಿಯೂ ಈ ಜಾತಿಯ ಪ್ರಶ್ನೆಗಳು ಬರುವುದರಿಂದ, ಕನ್ನಡನಾಡಿನ ಅನೇಕ ಮನೆಗಳ ಮಕ್ಕಳು ಇವನ್ನು ಅಭ್ಯಾಸಮಾಡುತ್ತಿದ್ದಾರೆ.

ಪ್ರಶ್ನೆಯ ಸ್ವರೂಪವು ತಿಳಿಯುವುದಕ್ಕೆ ಕಲ್ಪಿತವಾದ ಒಂದು ಉದಾಹರಣೆಯು ಸಾಕು. ಒಂದು ನಗರದ ಕೆಲವು ಬೀದಿಗಳಲ್ಲಿ ಹೊಸದಾಗಿ ಪ್ರಕಾಶವಾದ ದೀಪಗಳನ್ನು ಹಾಕಿದರು. ಮರುವರ್ಷ ಆ ಬೀದಿಗಳಲ್ಲಿ ಕಳ್ಳತನವು ಅರ್ಧಕ್ಕೆ ಇಳಿಯಿತು. ಆದುದರಿಂದ ಕಳ್ಳತನವನ್ನು ಇಳಿಸಿದುದು ದೀಪಗಳೇ ಎಂಬುದು ವಾದ. ಕೆಳಗಿನ ವಾಕ್ಯಗಳು ಇವು: ದೀಪಗಳಿಗೆ ಬಹಳ ಹಣ ವೆಚ್ಚವಾಯಿತು, ದೀಪಗಳು ಬಂದ ಮೇಲೆಯೂ ಕೆಲವು ಮನೆಗಳಲ್ಲಿ ಕಳವು ನಡೆಯಿತು, ದೀಪಗಳನ್ನು ಹಾಕಿದ ತಿಂಗಳಲ್ಲಿಯೇ ಆ ಬೀದಿಗಳ ರಾತ್ರಿಯ ಪೊಲೀಸ್ ಗಸ್ತು ಇಮ್ಮಡಿಯಾಯಿತು, ನಿವಾಸಿಗಳಲ್ಲಿ ಹಲವರಿಗೆ ಆ ಬೆಳಕು ರುಚಿಸಲಿಲ್ಲ, ಕಳ್ಳತನದ ಲೆಕ್ಕವನ್ನು ಪೊಲೀಸರು ಸರಿಯಾಗಿಯೇ ಇಟ್ಟಿದ್ದರು. ಹಣದ ಮಾತೂ ರುಚಿಯ ಮಾತೂ ವಾದಕ್ಕೆ ಸಂಬಂಧಪಟ್ಟವಲ್ಲ. ಕೆಲವು ಕಳವುಗಳು ಉಳಿದುವೆಂದರೆ ಅರ್ಧಕ್ಕಿಳಿಯಿತೆಂಬ ಮಾತಿಗೆ ಬಾಧೆಯಿಲ್ಲ. ಲೆಕ್ಕವು ಸರಿಯೆಂಬುದು ವಾದಕ್ಕೆ ಬೆಂಬಲವನ್ನೇ ಕೊಡುವುದು. ಗಸ್ತಿನ ಮಾತೊಂದೇ ದೀಪಕ್ಕೂ ಕಳ್ಳತನದ ಇಳಿಕೆಗೂ ಕಲ್ಪಿಸಿದ ಸಂಬಂಧವನ್ನು ಸಡಿಲಿಸುವುದು.

ಇಲ್ಲಿ ಅಭ್ಯರ್ಥಿಯು ಎರಡು ಕಡೆಗಳಲ್ಲಿ ಎಡವುವುದುಂಟು. ದೀಪ ಬಂದಿತು, ಕಳ್ಳತನ ಇಳಿಯಿತು ಎಂಬ ಆಧಾರವಾಕ್ಯಗಳನ್ನೇ ಸುಳ್ಳೆನ್ನಲು ಹೊರಡುವುದು ಮೊದಲನೆಯದು. ಅವನ್ನು ಪರೀಕ್ಷಕನು ಕೊಟ್ಟಾಗಿದೆ. ಅಲ್ಲಿ ಜಗಳಕ್ಕೆ ಅವಕಾಶವಿಲ್ಲ. ನಿರ್ಣಯವು ಸುಳ್ಳೆಂದು ಸಿದ್ಧಪಡಿಸುವ ವಾಕ್ಯವನ್ನು ಹುಡುಕುವುದು ಎರಡನೆಯದು. ಗಸ್ತು ಹೆಚ್ಚಿದ ಮಾತ್ರಕ್ಕೆ ದೀಪಗಳು ನಿಷ್ಫಲವೆಂದು ಯಾರೂ ಹೇಳಲಾರರು. ಎರಡೂ ಸೇರಿ ಕೆಲಸಮಾಡಿರಬಹುದು. ನಿರ್ಣಯವು ಕಡೆಗೆ ನಿಜವೇ ಆಗಬಹುದು. ಆದರೆ ಕೊಟ್ಟ ಕಾರಣದಿಂದಲೇ ಅದು ಸಿದ್ಧವಾಯಿತೆಂಬ ಹೆಮ್ಮೆಯು ಇನ್ನು ಮೇಲೆ ಸಲ್ಲದು.

ಸಂಸ್ಕೃತ ಪಾಠಶಾಲೆಗಳಲ್ಲಿ ಅನ್ನಂಭಟ್ಟನ ತರ್ಕಸಂಗ್ರಹವನ್ನು ಓದಿದವರಿಗೆ ಇದು ಅಪರಿಚಿತವಾದ ದಾರಿಯಲ್ಲ. ಹೊಗೆಯಿಂದ ಬೆಂಕಿಯನ್ನು ಊಹಿಸುವುದು ಸರಿಯಾದ ಅನುಮಾನ. ಅದನ್ನೇ ತಿರುಗಿಸಿ, ಬೆಂಕಿಯಿದೆ, ಆದುದರಿಂದ ಹೊಗೆಯಿದೆ ಎಂದರೆ ಅದು ನಿಲ್ಲುವುದಿಲ್ಲ. ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯುಂಟು, ಹೊಗೆಯಿಲ್ಲ. ಹೊಗೆಯು ಹುಟ್ಟುವುದಕ್ಕೆ ಹಸಿಯ ಸೌದೆಯ ಸಂಬಂಧವು ಬೇಕು. ಹೊಗೆಯಿರುವ ಕಡೆಗಳಲ್ಲೆಲ್ಲ ಆ ಸಂಬಂಧವಿರುವುದು, ಬೆಂಕಿಯಿರುವ ಕಡೆಗಳಲ್ಲೆಲ್ಲ ಇರುವುದಿಲ್ಲ. ಇಂತಹ ಮರೆಯ ನಿಮಿತ್ತವನ್ನು ನೈಯಾಯಿಕರು ಉಪಾಧಿಯೆಂದು ಕರೆದರು. ಉಪಾಧಿಯನ್ನು ಖಚಿತವಾಗಿ ತೋರಿಸಲಾಗದಿದ್ದರೂ ಅದರ ಶಂಕೆಯನ್ನು ಯುಕ್ತವಾಗಿ ಎಬ್ಬಿಸಿದರೆ ವ್ಯಾಪ್ತಿಯ ವಿಷಯದಲ್ಲಿ ಸಂದೇಹವುಂಟಾಗುವುದೆಂದೂ, ಅದು ಸಂದಿಗ್ಧೋಪಾಧಿಯೆಂದೂ ಅವರು ಎಣಿಸಿದರು. ಆ ಕಲ್ಪಿತ ನಗರದ ಗಸ್ತು ಈ ಬಗೆಯದೇ. ಅಮೆರಿಕಾದ ಪರೀಕ್ಷಕನು ದುರ್ಬಲಗೊಳಿಸುವುದೆಂದು ಕರೆಯುವುದು ಇದಕ್ಕೆ ಬಹಳ ಹತ್ತಿರವಾದುದು. ಒಂದು ಭೇದವುಂಟು: ನೈಯಾಯಿಕನಿಗೆ ವ್ಯಾಪ್ತಿಯು ಎಲ್ಲೆಡೆಯೂ ತಪ್ಪದೆ ನಿಲ್ಲಬೇಕು, ಒಂದು ವ್ಯಭಿಚಾರವು ಸಾಕು ಅದನ್ನು ಮುರಿಯಲು. ಎಲ್‌ಸ್ಯಾಟ್‌ನ ವಾದಗಳಲ್ಲಿ ಬಹಳಷ್ಟು ಸಂಭಾವನೆಯ ಮಟ್ಟದವು. ಆದುದರಿಂದ ಅಲ್ಲಿ ಮುರಿಯುವ ಮಾತಿಲ್ಲ, ಬಲವನ್ನು ತಗ್ಗಿಸುವ ಮಾತುಂಟು.

ಇದೆಲ್ಲವೂ ಅಂಕಗಳ ಆಟವೆಂದು ತೋರಿದರೆ, ಇಂಗ್ಲೆಂಡಿನಲ್ಲಿ ನಡೆದ ಒಂದು ಮೊಕದ್ದಮೆಯನ್ನು ನೆನೆಯಬಹುದು. ಸ್ಯಾಲಿ ಕ್ಲಾರ್ಕ್ ಎಂಬಾಕೆಯು ಸ್ವತಃ ಕಾನೂನಿನ ವೃತ್ತಿಯವಳು. ಆಕೆಯ ಎರಡು ಹಸುಗೂಸುಗಳು, ಒಂದು 1996ರಲ್ಲಿ, ಮತ್ತೊಂದು 1998ರಲ್ಲಿ, ಇದ್ದಕ್ಕಿದ್ದಂತೆ ತೀರಿಕೊಂಡುವು. ತಾಯಿಯೇ ಕೊಂದಳೆಂದು ಆಪಾದನೆ ಬಂದಿತು. ಅಂತಹ ಕುಟುಂಬದಲ್ಲಿ ಕೂಸು ಹಾಗೆ ಅಕಸ್ಮಾತ್ತಾಗಿ ಸಾಯುವುದು 8,543ಕ್ಕೆ ಒಂದು ಸಲ. ಎರಡು ಕೂಸುಗಳು ಸಾಯುವುದು ಆ ಸಂಖ್ಯೆಯನ್ನು ಅದರಿಂದಲೇ ಗುಣಿಸಿದರೆ ಬರುವ ಸುಮಾರು 7 ಕೋಟಿ 30 ಲಕ್ಷಕ್ಕೆ ಒಂದು ಸಲ ಎಂದು ತಜ್ಞನೊಬ್ಬನು ಸಾಕ್ಷ್ಯ ನುಡಿದನು. 1999ರಲ್ಲಿ ಆಕೆಗೆ ಜೀವಾವಧಿ ಶಿಕ್ಷೆಯಾಯಿತು.

ಆ ಗುಣಾಕಾರವು ಸರಿಯಾಗಬೇಕಾದರೆ ಎರಡು ಮರಣಗಳಿಗೂ ಯಾವ ಸಂಬಂಧವೂ ಇರಕೂಡದು. ಆದರೆ ಒಡಹುಟ್ಟಿದವರಿಗೆ ರಕ್ತವೂ ಒಂದೇ, ಮನೆಯೂ ಒಂದೇ. ಮೊದಲ ಕೂಸಿಗಿದ್ದ ಅಪಾಯವು ಎರಡನೆಯದಕ್ಕೂ ಇರಬಹುದೆಂಬ ಶಂಕೆಯೊಂದೇ ಆ ಭಯಂಕರವಾದ ಸಂಖ್ಯೆಯ ಬಲವನ್ನು ತಗ್ಗಿಸಲು ಸಾಕಾಗಿತ್ತು. ತಾಯಿಯೊಬ್ಬಳು ತನ್ನ ಎರಡು ಕೂಸುಗಳನ್ನು ಕೊಲ್ಲುವುದೂ ಅತಿ ವಿರಳವೆಂಬುದನ್ನು ಅದರ ಪಕ್ಕದಲ್ಲಿಟ್ಟು ತೂಗಬೇಕಾಗಿತ್ತು. 2000ದ ಮೇಲ್ಮನವಿಯು ತಿರಸ್ಕೃತವಾಯಿತು. 2001ರಲ್ಲಿ ಅಲ್ಲಿನ ರಾಯಲ್ ಸ್ಟ್ಯಾಟಿಸ್ಟಿಕಲ್ ಸೊಸೈಟಿಯು ಈ ಲೆಕ್ಕಕ್ಕೆ ಆಧಾರವಿಲ್ಲವೆಂದು ಬಹಿರಂಗವಾಗಿ ಆಕ್ಷೇಪಿಸಿತು. ಎರಡನೆಯ ಕೂಸಿನ ಶರೀರದಲ್ಲಿ ಸೋಂಕನ್ನು ಸೂಚಿಸುವ ಪರೀಕ್ಷಾಫಲಗಳು ವಿಚಾರಣೆಯಲ್ಲಿ ಹೊರಬಿದ್ದಿರಲಿಲ್ಲವೆಂಬುದು ಆಮೇಲೆ ತಿಳಿದುಬಂದು, 2003ರಲ್ಲಿ ಶಿಕ್ಷೆಯು ರದ್ದಾಯಿತು. ಮೂರು ವರ್ಷಗಳಿಗೂ ಮೀರಿ ಸೆರೆಮನೆಯಲ್ಲಿದ್ದ ಆ ತಾಯಿಯು 2007ರಲ್ಲಿ ತೀರಿಕೊಂಡಳು.

ಕೂಸುಗಳು ಯಾವ ಕಾರಣದಿಂದ ಸತ್ತುವೆಂದು ಸಿದ್ಧಪಡಿಸುವ ಹೊಣೆಯು ಆಕೆಯದಾಗಿರಲಿಲ್ಲ. ಆಪಾದನೆಯ ಹೇತುವು ಹೊರಲಾರದ ಭಾರವನ್ನು ಅದರ ಮೇಲೆ ಹೇರಿದ್ದಾರೆಂದು ತೋರಿದರೆ ಸಾಕಾಗಿತ್ತು. ಕಾನೂನನ್ನು ಕಲಿಯುವುದಕ್ಕೆ ಮೊದಲೇ ಈ ವಿವೇಕವನ್ನು ಪರೀಕ್ಷಿಸುವುದರ ಔಚಿತ್ಯವು ಇಲ್ಲಿ ಸ್ಪಷ್ಟವಾಗುವುದು.

ಗೌತಮನ ನ್ಯಾಯಸೂತ್ರಗಳು ತತ್ತ್ವವನ್ನರಿಯುವ ಕಥೆಯನ್ನು ವಾದವೆಂದೂ, ಗೆಲುವಿಗಾಗಿ ನಡೆಯುವುದನ್ನು ಜಲ್ಪವೆಂದೂ, ಸ್ವಪಕ್ಷವನ್ನು ಸ್ಥಾಪಿಸದೆ ಪರಪಕ್ಷವನ್ನು ಕೆಡವುವುದನ್ನು ವಿತಂಡೆಯೆಂದೂ ವಿಂಗಡಿಸುವುವು. ಹೇತುವನ್ನು ದುರ್ಬಲಗೊಳಿಸುವ ವಿದ್ಯೆಯು ಮೂರರಲ್ಲಿಯೂ ಉಪಯೋಗಕ್ಕೆ ಬರುವುದು. ಅದನ್ನು ತನ್ನ ಮಾತಿನ ಮೇಲೆಯೂ ಪ್ರಯೋಗಿಸುವವನ ಕೈಯಲ್ಲಿ ಮಾತ್ರ ಅದು ವಾದದ ಅಂಗವಾಗುವುದು. ಮನೆಯಲ್ಲಿ ಹಣವೋ ಒಡವೆಯೋ ಕಾಣೆಯಾದಾಗ, ಆ ಹೊತ್ತು ಕೋಣೆಗೆ ಹೋಗಿದ್ದವಳು ಕೆಲಸದವಳೊಬ್ಬಳೇ ಎಂಬ ಅನುಮಾನವು ಎಷ್ಟು ಬೇಗ ಸಿದ್ಧವಾಗುವುದು! ಪರೀಕ್ಷಾಮಂದಿರದಲ್ಲಿ ಐದು ವಾಕ್ಯಗಳನ್ನು ಅಣಿಮಾಡಿ ಮುಂದಿಡುವರು. ಮನೆಯಲ್ಲಿ ಹಾಗೆ ಇಡುವವರಿಲ್ಲ; ಆಪಾದಿಸಹೊರಟವನೇ ಬಾಯಿ ತೆರೆಯುವುದಕ್ಕೆ ಮೊದಲು ಅವನ್ನು ಹುಡುಕಿಕೊಳ್ಳಬೇಕು.