ಕೋಡಿಗೆ ಕಟ್ಟಿದ ತಟ್ಟಿ

ನನ್ನ ಬಾಲ್ಯ ಕಳೆದದ್ದು ದುಂಡಸಿಯ ಸಮೀಪದ ಒಂದು ಸಣ್ಣ ಹಳ್ಳಿಯಲ್ಲಿ. ಶಿಗ್ಗಾಂವಿ ತಾಲೂಕು ಆಗ ಧಾರವಾಡ ಜಿಲ್ಲೆಯಲ್ಲಿತ್ತು. 1997ರಿಂದ ಅದು ಹಾವೇರಿ ಜಿಲ್ಲೆಗೆ ಸೇರಿದೆ. ಮಲೆನಾಡು ಮುಗಿದು ಬಯಲುಸೀಮೆ ಮೊದಲಾಗುವ ಸೆರಗಿನ ನಾಡು ಅದು. ಪಶ್ಚಿಮಕ್ಕೆ ಮುಂಡಗೋಡದ ಕಾಡು, ಪೂರ್ವಕ್ಕೆ ಹೊಲಗಳ ಹರವು. ಇಂಥ ಏರುತಗ್ಗಿನ ನೆಲದಲ್ಲಿ ಎರಡು ದಿಬ್ಬಗಳ ನಡುವೆ ಮಣ್ಣಿನ ಒಡ್ಡು ಕಟ್ಟಿದರೆ ಹರಿದು ಹೋಗುವ ಮಳೆನೀರು ನಿಂತು ಕೆರೆಯಾಗುತ್ತದೆ. ನಮ್ಮೂರಿನ ಕೆರೆಯೂ ಹಾಗೆ ಆದದ್ದೇ.

ಹಿರಿಯರಿಗೆ ಆ ಕೆರೆ ಗದ್ದೆಗಳಿಗೆ ನೀರುಣಿಸುವ ತಾಯಿಯಾಗಿತ್ತು. ಹುಡುಗರಾದ ನಮಗೆ ಅದು ಆಟದ ಅಂಗಳ. ಸೊಂಟಕ್ಕೆ ಒಣಗಿದ ಸೋರೆಬುರುಡೆ ಕಟ್ಟಿಕೊಂಡು ಈಜು ಕಲಿತದ್ದು ಅಲ್ಲಿಯೇ. ಬಾಳೆದಿಂಡುಗಳನ್ನು ಜೋಡಿಸಿ ತೆಪ್ಪ ತೇಲಿಸಿದ್ದು ಅಲ್ಲಿಯೇ. ಸಂಜೆಯಾಯಿತೆಂದರೆ ಏರಿಯ ಮೇಲೆ ಸಾಲಾಗಿ ಕುಳಿತು ಗಾಳ ಹಾಕುತ್ತಿದ್ದೆವು.

ಆ ಕೆರೆಯನ್ನು ಕಾಯುತ್ತಿದ್ದವನು ಒಬ್ಬ ಮುದುಕ. ಊರೆಲ್ಲ ಅವನನ್ನು ಕೆರೆಯಜ್ಜ ಎಂದೇ ಕರೆಯುತ್ತಿತ್ತು. ಬೆಳಗಾದರೆ ಹೆಗಲಿಗೆ ಗುದ್ದಲಿಯೇರಿಸಿ ಏರಿಯ ಈ ತುದಿಯಿಂದ ಆ ತುದಿಯವರೆಗೆ ನಡೆಯುವುದು ಅವನ ನಿತ್ಯವ್ರತ. ಏಡಿ, ಇಲಿಗಳು ತೋಡಿದ ಬಿಲಗಳನ್ನು ಜಿಗುಟು ಮಣ್ಣಿನಿಂದ ಮುಚ್ಚುವನು. ಏರಿಯ ಮೇಲೆ ಮರದ ಸಸಿ ಕಂಡರೆ ಕಿತ್ತೊಗೆಯುವನು. ಬೆಳೆದ ಮರ ಸತ್ತು ಬೇರು ಕೊಳೆತರೆ ಆ ಜಾಡಿನಲ್ಲಿ ನೀರು ದಾರಿ ಮಾಡಿಕೊಳ್ಳುತ್ತದೆ. ಏರಿಯ ಬುಡದಲ್ಲಿ ಜಿನುಗುವ ನೀರನ್ನು ಅಂಗೈಯಲ್ಲಿ ಹಿಡಿದು ನೋಡಿ ನಮಗೆ ಹೇಳುತ್ತಿದ್ದನು: “ತಿಳಿನೀರು ಬಂದ್ರ ಅಂಜಬ್ಯಾಡ್ರಿ. ರಾಡಿ ಬಂದ್ರ ಮಾತ್ರ ಓಡಿಬಂದು ನನಗ ಹೇಳ್ರಿ. ಒಳಗಿನ ಮಣ್ಣು ಕೊಚ್ಚಿ ಹೊಂಟೈತಿ ಅಂತ ತಿಳೀರಿ.”

ಅವನು ಎಲ್ಲಕ್ಕಿಂತ ಹೆಚ್ಚಾಗಿ ಕಾಯುತ್ತಿದ್ದದ್ದು ಕೋಡಿಯನ್ನು. ಕೆರೆ ತುಂಬಿದ ಮೇಲೆ ಹೆಚ್ಚಾದ ನೀರು ಹೊರಗೆ ಹರಿಯುವ ದಾರಿಯೇ ಕೋಡಿ. ಅದು ಏರಿಯ ನೆತ್ತಿಗಿಂತ ತಗ್ಗಿನಲ್ಲಿರಬೇಕು, ಸದಾ ತೆರೆದಿರಬೇಕು. ಕಲ್ಲಿನ ಕಟ್ಟೆ ತನ್ನ ತಲೆಯ ಮೇಲೆ ಹರಿಯುವ ನೀರನ್ನು ಒಂದಿಷ್ಟು ತಾಳಿಕೊಂಡೀತು. ಮಣ್ಣಿನ ಏರಿ ತಾಳದು. ನೀರು ಏರಿಯನ್ನು ದಾಟಿ ಹಿಂಬದಿಗೆ ಇಳಿಯತೊಡಗಿದರೆ ಮಣ್ಣು ಕೊರೆಯುತ್ತ ಹೋಗಿ ಕೆಲವೇ ಗಂಟೆಗಳಲ್ಲಿ ಕೆರೆಯೇ ಒಡೆಯಬಹುದು.

ನನಗೆ ಆಗ ಹನ್ನೆರಡು ವರ್ಷ. ಆ ಬೇಸಿಗೆಯಲ್ಲಿ ಗಾಳಕ್ಕೆ ಒಳ್ಳೊಳ್ಳೆಯ ಮೀನುಗಳು ಬೀಳುತ್ತಿದ್ದವು. ಮಳೆಗಾಲ ಬಂದು ಕೋಡಿ ಹರಿದರೆ ಮೀನೆಲ್ಲ ಹೊರಟುಹೋಗುವುದೆಂಬ ಚಿಂತೆ ನಮಗೆ. ಕೆರೆಯಜ್ಜ ಜ್ವರದಿಂದ ಹಾಸಿಗೆ ಹಿಡಿದಿದ್ದ ಸಮಯ ನೋಡಿ, ನಾವು ನಾಲ್ವರು ಬಿದಿರಿನ ತಟ್ಟಿ ಹೆಣೆದು ಕೋಡಿಯ ಬಾಯಿಗೆ ಅಡ್ಡಲಾಗಿ ಬಿಗಿದೆವು. ನೀರು ಹೋಗಲಿ, ಮೀನು ಉಳಿಯಲಿ ಎಂಬುದು ನಮ್ಮ ಲೆಕ್ಕಾಚಾರ.

ಆ ವರ್ಷ ಆರಿದ್ರಾ ಮಳೆ ಹಗಲಿರುಳೂ ಸುರಿಯಿತು. ಮೂರನೆಯ ರಾತ್ರಿ ಊರಲ್ಲಿ ಕೂಗೆದ್ದಿತು. ಅಪ್ಪನ ಹಿಂದೆ ಕಂದೀಲು ಹಿಡಿದು ನಾನೂ ಓಡಿದೆ. ಗಾಡಿಗಳು ಓಡಾಡಿ ಏರಿಯ ನೆತ್ತಿ ಸವೆದಿದ್ದ ಜಾಗದಲ್ಲಿ ನೀರು ಇನ್ನೊಂದು ಗೇಣು ಏರಿದರೆ ಹೊರಚೆಲ್ಲುವಂತಿತ್ತು. ಜನ ಮಣ್ಣು ತುಂಬಿದ ಚೀಲಗಳನ್ನು ಹೊತ್ತು ತಂದು ಒಟ್ಟುತ್ತಿದ್ದರು. “ಕೆರಿ ಇಷ್ಟು ತುಂಬಿದ್ರೂ ಕೋಡಿ ಯಾಕ ಜೋರಾಗಿ ಹರಿವಲ್ದು?” ಎಂದು ಯಾರೋ ಕೇಳಿದರು. ಕಾರಣ ನನಗೆ ಗೊತ್ತಿತ್ತು. ಆದರೆ ಭಯದಿಂದ ನಾಲಿಗೆ ಹೊರಳಲಿಲ್ಲ.

ಅಷ್ಟರಲ್ಲಿ ಕಂಬಳಿ ಕೊಪ್ಪೆ ಹಾಕಿಕೊಂಡು, ಕೋಲೂರಿಕೊಂಡು ಕೆರೆಯಜ್ಜ ಬಂದನು. ಯಾರನ್ನೂ ಏನನ್ನೂ ಕೇಳದೆ ನೇರವಾಗಿ ಕೋಡಿಗೆ ಹೋದನು. ನಮ್ಮ ತಟ್ಟಿಗೆ ಎಲೆ, ಕಸ, ಮುರಿದ ಕೊಂಬೆಗಳು ಒತ್ತಿ ಬಂದು ಅದು ಗೋಡೆಯಂತಾಗಿತ್ತು. ಸೊಂಟಕ್ಕೆ ಹಗ್ಗ ಬಿಗಿದು, ಹಗ್ಗದ ತುದಿಯನ್ನು ನಾಲ್ವರ ಕೈಗೆ ಕೊಟ್ಟು, ಜ್ವರದ ಮೈಯಲ್ಲೇ ಅವನು ನೀರಿಗಿಳಿದನು. ಕುಡುಗೋಲಿನಿಂದ ಕಟ್ಟುಗಳನ್ನು ಕತ್ತರಿಸಿದನು. ತಟ್ಟಿ ಕೊಚ್ಚಿ ಹೋಯಿತು, ಕೋಡಿ ಭೋರ್ಗರೆಯಿತು. ಬೆಳಗಾಗುವ ವೇಳೆಗೆ ನೀರು ಒಂದು ಮೊಳ ಇಳಿದಿತ್ತು.

ಮರುದಿನ ಅವನ ಗುಡಿಸಲಿಗೆ ಹೋಗಿ ಅಳುತ್ತ ನಿಜ ಹೇಳಿದೆ. ಅವನು ಬಯ್ಯಲಿಲ್ಲ. “ಮೀನಿಗಂತ ಕಟ್ಟಿದ್ರಿ, ಅದು ಊರಿಗೇ ಕಟ್ಟಿದಂಗ ಆಗಿತ್ತಲ್ಲೋ ತಮ್ಮಾ. ಕಟ್ಟಿದ್ದು ಹುಡುಗಾಟ, ರಾತ್ರಿ ಬಾಯಿ ಮುಚ್ಚಿ ನಿಂತಿ ನೋಡು, ಅದು ತಪ್ಪು” ಎಂದನು. ಆ ಮಳೆಗಾಲ ಮುಗಿಯುವವರೆಗೂ ನಾನು ದಿನವೂ ಅವನ ಜೊತೆ ಏರಿಯ ಮೇಲೆ ನಡೆದೆ.

ಮುಂದೆ ಕಾಲೇಜಿನಲ್ಲಿದ್ದಾಗ ಅಮೆರಿಕದ ಜಾನ್ಸ್‌ಟೌನ್ ಪಟ್ಟಣದ ದುರಂತವನ್ನು ಓದಿದೆ. ಆ ಪಟ್ಟಣದ ಮೇಲ್ಗಡೆ, ಸೌತ್ ಫೋರ್ಕ್ ಎಂಬಲ್ಲಿ ಒಂದು ಮಣ್ಣಿನ ಅಣೆಕಟ್ಟು ಇತ್ತು. ಸಿರಿವಂತರ ಕ್ಲಬ್ಬೊಂದು ಅದನ್ನು ಕೊಂಡು, ಅದರ ಸರೋವರವನ್ನು ದೋಣಿ ವಿಹಾರಕ್ಕೂ ಮೀನು ಹಿಡಿಯುವುದಕ್ಕೂ ಬಳಸುತ್ತಿತ್ತು. ಉಕ್ಕಿನ ಉದ್ಯಮಿ ಆಂಡ್ರ್ಯೂ ಕಾರ್ನೆಗಿಯೂ ಅದರ ಸದಸ್ಯ. ಸಾರೋಟುಗಳು ಸಲೀಸಾಗಿ ಓಡಾಡಲೆಂದು ಅಣೆಕಟ್ಟಿನ ನೆತ್ತಿಯನ್ನು ತಗ್ಗಿಸಿದ್ದರು. ಮೀನು ತಪ್ಪಿಸಿಕೊಳ್ಳದಿರಲೆಂದು ಕೋಡಿಗೆ ಜಾಲರಿ ಹಾಕಿದ್ದರು. 1889ರ ಮೇ 31ರಂದು ಭಾರಿ ಮಳೆಗೆ ಜಾಲರಿಯಲ್ಲಿ ಕಸ ತುಂಬಿತು, ನೀರು ಅಣೆಕಟ್ಟನ್ನು ದಾಟಿತು, ಅಣೆಕಟ್ಟು ಒಡೆಯಿತು. ಸತ್ತವರು 2,209 ಜನ. ಆ ಪುಟವನ್ನು ಓದುವಾಗ ನನ್ನ ಕೈ ನಡುಗಿತು. ಸವೆದ ನೆತ್ತಿ, ಮೀನಿನ ಆಸೆ, ಮುಚ್ಚಿದ ಕೋಡಿ, ಎಲ್ಲವೂ ನಾನು ಕಣ್ಣಾರೆ ಕಂಡವೇ. ಅಲ್ಲಿಯೂ ಕೊನೆಯ ಗಳಿಗೆಯಲ್ಲಿ ಜನ ಮಣ್ಣು ಹಾಕಿ, ಕಸ ತೆಗೆಯಲು ಹೆಣಗಿದ್ದರು. ಆದರೆ ಹೊತ್ತು ಮೀರಿತ್ತು.

ದೊಡ್ಡವರು ಕಟ್ಟಿದ ಕೆರೆಗಳಿಗೂ ಈ ನಿಯಮ ತಪ್ಪಿದ್ದಲ್ಲ. ವಿಜಯನಗರದ ಕಾಲದಲ್ಲಿ ಮಾಸೂರಿನ ಬಳಿ ಕುಮುದ್ವತಿ ನದಿಗೆ ಅಡ್ಡಲಾಗಿ ಕಟ್ಟಿದ ಮದಗದ ಕೆರೆಯೂ ಒಮ್ಮೆ ಒಡೆದು, ಬಳಿಕ ಕಿರಿದಾಗಿ ಉಳಿಯಿತು.

ಇಂದು ನಮ್ಮ ನಾಡಿನ ಅನೇಕ ಕೆರೆಗಳು ವಿಹಾರದ ತಾಣಗಳಾಗಿವೆ. ಮುಂಡಗೋಡ ತಾಲೂಕಿನ ಅತ್ತಿವೇರಿ ಜಲಾಶಯಕ್ಕೆ ಹಕ್ಕಿಗಳನ್ನು ನೋಡಲು ದೂರದೂರದಿಂದ ಜನ ಬರುತ್ತಾರೆ. ನೀರಿನ ದಂಡೆಯಲ್ಲಿ ಸಂತೋಷಪಡುವುದು ತಪ್ಪಲ್ಲ. ಆದರೆ ಆ ಸಂತೋಷವನ್ನು ಹೊತ್ತು ನಿಂತಿರುವುದು ಮಣ್ಣು. ಮಣ್ಣನ್ನು ಕಾಯುವುದು ನಿತ್ಯದ ಎಚ್ಚರ. ಕೆರೆಯಜ್ಜ ತೀರಿಕೊಂಡು ಬಹಳ ವರ್ಷಗಳಾದವು. ಇಂದಿಗೂ ಯಾವ ಕೆರೆಗೆ ಹೋದರೂ ನಾನು ಮೊದಲು ನೋಡುವುದು ಅದರ ಕೋಡಿಯನ್ನು.