ಹದಿನಾರು ತಾಸು ಮತ್ತು ಹತ್ತು ಅಡಿ



ಮುಂಬೈಯಿಂದ ನ್ಯೂಯಾರ್ಕಿಗೆ ಆಕಾಶದ ದಾರಿ ಸುಮಾರು 12,500 ಕಿಲೋಮೀಟರ್. ನೇರ ವಿಮಾನಕ್ಕೆ ಹೆಚ್ಚುಕಮ್ಮಿ 16 ತಾಸು. ವಾಪಸ್ ಬರೋವಾಗ 14 ತಾಸಿನ ಆಸುಪಾಸು, ಯಾಕಂದ್ರೆ ಮೇಲೆ ಪಶ್ಚಿಮದಿಂದ ಪೂರ್ವಕ್ಕೆ ಜೋರಾಗಿ ಬೀಸುವ ಗಾಳಿ ಹಿಂದಿನಿಂದ ತಳ್ಳುತ್ತದೆ. ಜುಲೈ, ಆಗಸ್ಟ್‌ನಲ್ಲಿ ಅಲ್ಲಿನ ಗಡಿಯಾರ ನಮ್ಮದಕ್ಕಿಂತ ಒಂಬತ್ತೂವರೆ ತಾಸು ಹಿಂದೆ. ಮಧ್ಯರಾತ್ರಿ ಹನ್ನೆರಡಕ್ಕೆ ಮುಂಬೈ ಬಿಟ್ಟವರು ಅಲ್ಲಿ ಬೆಳಗಿನ ಆರೂವರೆಗೆ ಇಳೀತಾರೆ.

ಇದನ್ನೆಲ್ಲ ಹುಡುಕಿ ಓದಿದ್ದು ನಮ್ಮ ಓಣಿಯ ಹುಡುಗಿಗಾಗಿ. ನ್ಯೂಯಾರ್ಕಿನಲ್ಲಿ ಎಂ.ಎಸ್. ಸೀಟು ಸಿಕ್ಕಿದೆ. ಕಲಬುರಗಿ ಕಡೆಯ ನಮಗೆ ಮುಂಬೈ ರೈಲಿನ ದಾರಿ, ಅಲ್ಲಿಂದಲೇ ಹೊರಡಬೇಕು. ಕೂಲಿಗೆ ಹೋಗುವ ಅವಳ ತಾಯಿ ಕೇಳಿದರು: "ಅಣ್ಣಾ, ಅಲ್ಲಿಗಿ ಮುಟ್ಲಾಕ ಎಷ್ಟ್ ದಿನ ಬೇಕು?" ಹದಿನಾರು ತಾಸು ಅಂದೆ. "ಮತ್ತ ನಾಕ್ ತಿಂಗ್ಳಾತಲ್ಲ, ಇನ್ನಾ ಯಾಕ ಹೊಂಟಿಲ್ಲ?"

ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಿದ್ದು ಮಾರ್ಚ್‌ನಲ್ಲಿ. ಫೈಲು ಮೊದಲ ಟೇಬಲ್ ಬಿಟ್ಟು ಎರಡನೇದಕ್ಕೆ ಬಂದದ್ದು ಜುಲೈನಲ್ಲಿ. ಎರಡೂ ಟೇಬಲ್ ನಡುವೆ ಹತ್ತು ಅಡಿ ಇಲ್ಲ. ನಾನೂ ಗುಮಾಸ್ತ, ಈ ಭಾಷೆ ಗೊತ್ತು. "ಪರಿಶೀಲಿಸಿ ಮಂಡಿಸಿ" ಅಂದರೆ ಒಂದು ವಾರ. "ಚರ್ಚಿಸಿ" ಅಂದರೆ ಒಂದು ತಿಂಗಳು. "ಆದಾಯದ ವಿವರ ಸ್ಪಷ್ಟವಿಲ್ಲ" ಅಂತ ಬರೆದರೆ ಆ ವರ್ಷವೇ ಹೋಯ್ತು. ಯಾರೂ ಕೊಡಲ್ಲ ಅನ್ನೋದಿಲ್ಲ. ಸುಮ್ಮನೆ ಇಟ್ಕೊಂಡು ಕೂರ್ತಾರೆ.

ಬಾಬಾಸಾಹೇಬರು 1913ರ ಜೂನ್‌ನಲ್ಲಿ ಬರೋಡಾ ಸಂಸ್ಥಾನದ ಕರಾರಿಗೆ ಸಹಿ ಹಾಕಿದರು. ತಿಂಗಳಿಗೆ ಹನ್ನೊಂದೂವರೆ ಪೌಂಡ್, ಮೂರು ವರ್ಷ. ಜುಲೈನಲ್ಲಿ ನ್ಯೂಯಾರ್ಕಿನಲ್ಲಿದ್ದರು, ಕೊಲಂಬಿಯಾ ವಿಶ್ವವಿದ್ಯಾಲಯ ಸೇರಿದರು. ಅದೂ ಹಡಗಿನಲ್ಲಿ ಹೋಗಿ! ಸಹಿ ಬಿದ್ದು ಎರಡು ತಿಂಗಳು ತುಂಬುವ ಮೊದಲೇ ಅಮೆರಿಕ ತಲುಪಿದ್ದರು. ಇವತ್ತು ಸಂವಿಧಾನ ಇದೆ, ವಿಮಾನ ಇದೆ, ಆನ್‌ಲೈನ್ ಅರ್ಜಿ ಇದೆ. ನಮ್ಮ ಹುಡುಗಿಯ ಫೈಲು ಮಾತ್ರ ನಾಲ್ಕು ತಿಂಗಳಲ್ಲಿ ಹತ್ತು ಅಡಿ ನಡೆದಿದೆ.

ಅಷ್ಟೆಲ್ಲ ಓದಿ ಬಂದು 1917ರಲ್ಲಿ ಬರೋಡಾದಲ್ಲಿ ಕೆಲಸಕ್ಕೆ ಸೇರಿದಾಗ, ಜವಾನರು ಫೈಲುಗಳನ್ನು ದೂರದಿಂದಲೇ ಅವರ ಮೇಜಿಗೆ ಎಸೆಯುತ್ತಿದ್ದರು. ಈಗ ಹಾಗೆ ಎಸೆಯೋದಿಲ್ಲ. ನಮ್ಮ ಫೈಲನ್ನು ಕಟ್ಟಿನ ತಳಕ್ಕೆ ಸೇರಿಸ್ತಾರೆ.

ತಮ್ಮಂದಿರೇ, ತಂಗಿಯರೇ, ಸೀಟು ಸಿಗಲಿ ಅಂತ ಕಾಯಬೇಡಿ. ಜಾತಿ, ಆದಾಯ ಪ್ರಮಾಣಪತ್ರ, ಪಾಸ್‌ಪೋರ್ಟ್ ಈಗಲೇ ಮಾಡಿಸಿ. ಅರ್ಜಿ ಕೊಟ್ಟ ದಿನವೇ ಸ್ವೀಕೃತಿ ಕೇಳಿ ತಗೊಳ್ಳಿ, ಫೈಲ್ ನಂಬರ್ ಬರೆದಿಟ್ಟುಕೊಳ್ಳಿ. ಅಲುಗಾಡದಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ, 30 ದಿನದೊಳಗೆ ಉತ್ತರ ಕೊಡಬೇಕು ಅಂತ ಕಾನೂನಿದೆ. ನಾವೂ ಹಾಕಿದ್ದೇವೆ.

ಆಗಸ್ಟ್ ಕೊನೆಗೆ ಅವಳ ಕ್ಲಾಸು ಶುರು. ಅಷ್ಟರವರೆಗೆ ಉತ್ತರಕ್ಕಾಗಿ ಕಾಯ್ತಾ ಕೂರಲು ಆಗಲ್ಲ. ಗುರುವಾರ ಬೆಳಿಗ್ಗೆ 11ಕ್ಕೆ ಹತ್ತು ಜನ ಆ ಎರಡನೇ ಟೇಬಲ್ ಮುಂದೆ ನಿಲ್ತೀವಿ. ಕೂಗಾಟ ಇಲ್ಲ. ಫೈಲ್ ನಂಬರ್ ಹೇಳಿ, ಮೂರನೇ ಟೇಬಲ್‌ಗೆ ಯಾವಾಗ ಹೋಗ್ತದೆ ಅಂತ ಬರಹದಲ್ಲಿ ಕೇಳ್ತೀವಿ. ಬರೋರು ಬನ್ನಿ.

ಜೈಭೀಮ್.