ಇಂಕಿನಂತೆ ಬಳಿಯುವ ಸೋಲಾರ್

ಬೆಟಗೇರಿಯ ಪ್ರೀತಿಯ ಗೆಳೆಯರಿಗೆ,

ಕಾಗದ ಮುಟ್ಟಿತು. ಪ್ರೆಸ್ಸಿನ ಮಾಳಿಗೆ ಮೇಲೆ ಸೋಲಾರ್ ಹಾಕಿಸಲು ಹೊರಟ ನಿಮಗೆ ಯಾರೋ ಪೆರೊವ್‌ಸ್ಕೈಟ್ ಎಂಬ ಹೊಸ ಮಾಲಿನ ಸುದ್ದಿ ಹೇಳಿ ತಲೆ ಕೆಡಿಸಿದ್ದಾರೆ. ‘ಈಗ ಹಾಕಿಸ್ಲೋ, ಅದು ಬರೂತನಕಾ ಕಾಯಲೋ?’ ಎಂದು ಕೇಳಿದ್ದೀರಿ. ಕಾಯಬೇಡ್ರಿ, ಹಾಕಿಸಿಬಿಡ್ರಿ. ಆದರೂ ಆ ಹೊಸ ಮಾಲಿನ ವಿಷಯ ನಿಮಗೆ ಬರೆಯಲೇಬೇಕು. ಅದು ನಿಮ್ಮ ಕಸುಬಿಗೆ ಹತ್ತಿರದ್ದು.

1839ರಲ್ಲಿ ಉರಲ್ ಪರ್ವತದ ಒಂದು ಖನಿಜಕ್ಕೆ ಜರ್ಮನಿಯ ಗುಸ್ತಾವ್ ರೋಸ್ ಪೆರೊವ್‌ಸ್ಕೈಟ್ ಎಂದು ಹೆಸರಿಟ್ಟ. ಅದರ ಹರಳಿನೊಳಗೆ ಪರಮಾಣುಗಳು ಕೂತ ಕ್ರಮದಲ್ಲೇ ಕೂರುವ ವಸ್ತುಗಳಿಗೆಲ್ಲ ಈಗ ಅದೇ ಹೆಸರು. ನಮ್ಮ ಸಿ.ಎನ್.ಆರ್. ರಾವ್ ಅವರು ಬೆಂಗಳೂರಿನಲ್ಲಿ ದಶಕಗಟ್ಟಲೆ ಕೆಲಸ ಮಾಡಿದ್ದೂ ಈ ಮನೆತನದ ಆಕ್ಸೈಡುಗಳ ಮೇಲೆಯೇ. ಸೋಲಾರಿಗೆ ಬಂದದ್ದು ಬೇರೆ ಕವಲು: ಸೀಸ, ಅಯೋಡಿನ್, ಜೊತೆಗೊಂದು ಸಾವಯವ ಲವಣ. 2009ರಲ್ಲಿ ಜಪಾನಿನ ಮಿಯಾಸಾಕಾ ತಂಡ ಇದರಿಂದ ಕೋಶ ಮಾಡಿದಾಗ ದಕ್ಷತೆ ಶೇ 3.8 ಇತ್ತು. ಪ್ರಯೋಗಾಲಯಗಳಲ್ಲಿ ಈಗ ಶೇ 26 ದಾಟಿದೆ.

ಈಗಿನ ಪ್ಯಾನೆಲುಗಳ ಸಿಲಿಕಾನ್ ಕರಗಿಸಲು 1,400 ಡಿಗ್ರಿ ಮೀರಿದ ಕುಲುಮೆ ಬೇಕು. ಇಲ್ಲಿ ಆ ರಂಪವೇ ಇಲ್ಲ. ಲವಣಗಳನ್ನು ದ್ರಾವಕದಲ್ಲಿ ಕರಗಿಸಿ, ಗಾಜಿನ ಮೇಲೆ ಬಳಿದು, 100 ಡಿಗ್ರಿಯ ಹಾಟ್‌ಪ್ಲೇಟ್ ಮೇಲಿಟ್ಟರೆ ಪದರ ಕಣ್ಣೆದುರೇ ಕಂದುಗಪ್ಪಾಗುತ್ತದೆ. ಅದರ ದಪ್ಪ ಸುಮಾರು ಅರ್ಧ ಮೈಕ್ರಾನ್. ನೀವು ದಿನಾ ಓಡಿಸುವ 70 ಜಿಎಸ್‌ಎಂ ಹಾಳೆ 90 ಮೈಕ್ರಾನಿನ ಆಸುಪಾಸು ಇರುತ್ತದೆ, ಲೆಕ್ಕ ಹಾಕಿಕೊಳ್ಳಿ.

ಹೊಗಳಿಕೆಯೆಲ್ಲ ಈ ಕಪ್ಪು ಪದರಕ್ಕೆ ಹೋಗುತ್ತದೆ. ನನಗೇನೋ ಅದರ ಕೆಳಗಿನ, ಕಣ್ಣಿಗೆ ಕಾಣದ ಪದರದ್ದೇ ಹೆಚ್ಚಿನ ಕೆಲಸ ಅನ್ನಿಸುತ್ತದೆ. ಬಿಸಿಲು ಬಿದ್ದಾಗ ಕಪ್ಪು ಪದರದಲ್ಲಿ ಎಲೆಕ್ಟ್ರಾನ್ ಬಿಡಿಸಿಕೊಳ್ಳುತ್ತದೆ. ಅದನ್ನು ಬೇಗ ಹೊರಗೆ ಒಯ್ಯದಿದ್ದರೆ ಅಲ್ಲೇ ಮರಳಿ ಕೂಡಿಕೊಂಡು ವ್ಯರ್ಥವಾಗುತ್ತದೆ. ಮೊದಲು ಈ ಸಾಗಣೆ ಮಾಡುವ ಕೆಳಪದರಕ್ಕೆ ಟೈಟಾನಿಯಂ ಆಕ್ಸೈಡ್ ಬಳಸುತ್ತಿದ್ದರು. ಅದನ್ನು 450-500 ಡಿಗ್ರಿಯಲ್ಲಿ ಸುಡಬೇಕಿತ್ತು. ಅಷ್ಟು ಕಾವಿಗೆ ಪ್ಲಾಸ್ಟಿಕ್ ಹಾಳೆ ಉಳಿಯುತ್ತದೆಯೇ? ರೋಲಿನ ಮೇಲೆ ಮುದ್ರಿಸುವ ಆಸೆ ಅಲ್ಲಿಗೇ ನಿಂತಿತ್ತು. 2016ರಲ್ಲಿ ಚೀನಾದ ಒಂದು ತಂಡ ತವರದ ಆಕ್ಸೈಡಿನ ನ್ಯಾನೊ ಕಣಗಳನ್ನು ನೀರಿನಲ್ಲಿ ತೇಲಿಸಿ ಬಳಿದು, ಬರೀ 150 ಡಿಗ್ರಿಯಲ್ಲಿ ಒಣಗಿಸಿ, ಶೇ 20ರ ಹತ್ತಿರ ದಕ್ಷತೆ ತೋರಿಸಿತು. ಕಣಗಳು ಮೂರು-ನಾಲ್ಕು ನ್ಯಾನೊಮೀಟರಿನಷ್ಟು. ಮೊದಲೇ ಹರಳಾಗಿ ತಯಾರಾದ ಕಣಗಳಾದ್ದರಿಂದ ಗಾಜಿನ ಮೇಲೆ ಮತ್ತೆ ಸುಡುವ ಅಗತ್ಯವಿಲ್ಲ. ಗುಟ್ಟು ಇಷ್ಟೇ.

ಇನ್ನು ನಿಮ್ಮ ಭಾಷೆಗೆ ಬರುತ್ತೇನೆ. ಇಂಕಿನಲ್ಲಿ ಒಂದು ಗಂಟು ಸಿಕ್ಕಿಕೊಂಡರೆ ಗಾಢ ಬಣ್ಣದ ಜಾಗದಲ್ಲಿ ಬಿಳಿ ಚುಕ್ಕೆ ಬೀಳುತ್ತದಲ್ಲ, ನೀವು ಮಷಿನ್ ನಿಲ್ಲಿಸಿ ಪ್ಲೇಟ್ ಒರೆಸುತ್ತೀರಿ. ನ್ಯಾನೊ ಕಣಗಳೂ ಹಾಗೇ, ಒಂದಕ್ಕೊಂದು ಅಂಟಿ ಗಂಟಾಗುತ್ತವೆ. ಪದರದಲ್ಲಿ ಸೂಜಿಮೊನೆಯಷ್ಟು ತೂತು ಬಿದ್ದರೂ ಕಪ್ಪು ಪದರ ನೇರವಾಗಿ ಎಲೆಕ್ಟ್ರೋಡಿಗೆ ತಾಗಿ ಕರೆಂಟು ಸೋರುತ್ತದೆ. ಇಲ್ಲಿ ಒರೆಸಿ ಮತ್ತೆ ಹಾಕುವ ಅನುಕೂಲವಿಲ್ಲ, ಆ ಕೋಶ ಹೋದಂತೆಯೇ. ತೂತಿಲ್ಲದಿದ್ದರೂ ಕಣಗಳ ಮೈಮೇಲಿನ ಕುಂದುಗಳಲ್ಲಿ ಎಲೆಕ್ಟ್ರಾನ್ ಸಿಕ್ಕಿಬೀಳುತ್ತದೆ. ಅದಕ್ಕೆ ಪೊಟ್ಯಾಸಿಯಂ ಕ್ಲೋರೈಡಿನಂಥ ಸಾದಾ ಲವಣ ಸೇರಿಸಿ ಆ ಕುಂದು ಮುಚ್ಚುತ್ತಾರೆ. ಕಪ್ಪು ಪದರದ ಇನ್ನೊಂದು ಬದಿಗೆ ನಿಕ್ಕಲ್ ಆಕ್ಸೈಡಿನ ಕಣಗಳನ್ನು ಬಳಿಯುವುದುಂಟು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲೂ ಜಕ್ಕೂರಿನ ಜವಾಹರಲಾಲ್ ನೆಹರೂ ಕೇಂದ್ರದಲ್ಲೂ ಪೆರೊವ್‌ಸ್ಕೈಟ್ ಕೋಶಗಳ ಮೇಲೆ ಕೆಲಸ ನಡೆದಿದೆ.

ಹಾಗಿದ್ದರೆ ಕಾಯಬೇಡಿ ಎಂದದ್ದೇಕೆ? ಶೇ 26 ಎಂಬುದು ಉಗುರಗಲದ ಕೋಶದ ಲೆಕ್ಕ. ಶಿರಹಟ್ಟಿ, ಲಕ್ಷ್ಮೇಶ್ವರದ ಏಪ್ರಿಲ್ ಬಿಸಿಲಿನಲ್ಲಿ ಮಾಳಿಗೆ ಮೇಲಿನ ಪ್ಯಾನೆಲ್ ಸಲೀಸಾಗಿ 60 ಡಿಗ್ರಿ ದಾಟುತ್ತದೆ. ಆ ಕಾವಿಗೆ ಸಾವಯವ ಲವಣ ನಿಧಾನವಾಗಿ ಹಾರಿಹೋಗುತ್ತದೆ. ಮಳೆಗಾಲದ ತೇವ ಒಳಗೆ ಹೊಕ್ಕರೆ ಕಪ್ಪು ಪದರ ಹಳದಿಗೆ ತಿರುಗುತ್ತದೆ. ಸೀಸಿಯಂ ಬೆರೆಸಿ ಗಟ್ಟಿಮಾಡುತ್ತಿದ್ದಾರೆ, ನಿಜ. ಆದರೆ ಸಿಲಿಕಾನಿಗೆ ಸಿಗುವ 25 ವರ್ಷದ ವಾರಂಟಿಯಷ್ಟು ಕಾಲ ಇದು ಬಾಳುತ್ತದೆ ಎಂಬುದು ಇನ್ನೂ ಸಾಬೀತಾಗಿಲ್ಲ. ಸೀಸದ ಲವಣ ನೀರಿಗೆ ಕರಗುತ್ತದೆ ಎಂಬುದೂ ನನಗೆ ಸಣ್ಣ ಮಾತಲ್ಲ. ಒಡೆದ ಪ್ಯಾನೆಲಿನ ನೀರು ಮುಂಡರಗಿ ಕಡೆಯ ಎರಿ ಹೊಲಕ್ಕೆ ಇಳಿದರೆ ಯಾರು ಹೊಣೆ?

ಬಹುಶಃ ಪೆರೊವ್‌ಸ್ಕೈಟ್ ನಮ್ಮ ಕಡೆ ಒಂಟಿಯಾಗಿ ಬರುವುದಿಲ್ಲ. ಸಿಲಿಕಾನಿನ ಮೇಲೊಂದು ಪದರವಾಗಿ ಬಂದೀತು. ಇಂಥ ಜೋಡಿ ಪ್ಯಾನೆಲುಗಳನ್ನು ಆಕ್ಸ್‌ಫರ್ಡ್ ಪಿವಿ ಕಂಪನಿ 2024ರಲ್ಲಿ ಗಿರಾಕಿಗೆ ಕಳಿಸಲು ಶುರುಮಾಡಿತು.

ಒಂದು ವ್ಯವಹಾರದ ಮಾತು. ಪಿಎಂ ಸೂರ್ಯಘರ್ ಯೋಜನೆಯ ಸಬ್ಸಿಡಿ ಮನೆಗಳಿಗೆ ಮಾತ್ರ, 3 ಕಿಲೋವ್ಯಾಟಿಗೆ 78,000 ರೂಪಾಯಿ. ಪ್ರೆಸ್ಸಿನ ವಾಣಿಜ್ಯ ಮೀಟರಿಗೆ ಅದು ಬರುವುದಿಲ್ಲ. ಅದಕ್ಕೇ ಮೊದಲು ಮನೆಯ ಮೇಲೆ ಹಾಕಿಸಿ, ಹೆಸ್ಕಾಂನಲ್ಲಿ ನೆಟ್ ಮೀಟರಿನ ಅರ್ಜಿಯನ್ನು ಮುಂಚೆಯೇ ಕೊಟ್ಟಿಡಿ. ಪ್ರೆಸ್ಸಿನ ಮಾಳಿಗೆಯ ಅಳತೆ ಬರೆದು ಕಳಿಸಿದರೆ ಅಲ್ಲಿ ಎಷ್ಟು ಕಿಲೋವ್ಯಾಟ್ ಕೂರುತ್ತದೆ ಎಂದು ತಿಳಿಸುತ್ತೇನೆ.

ಇಂತಿ ನಿಮ್ಮ ಗೆಳೆಯ